ಸ್ಮಾರ್ಟ್ ಹೋಮ್: ಆಕರ್ಷಣೆಯ ಜೊತೆಗೆ ಹೊಣೆಯೂ ಇರಲಿ

ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಅನೇಕ ಕುಟುಂಬಗಳ ದುಡಿಮೆ ಬೆಂಗಳೂರು, ಮುಂಬೈಗಳ ಹೋಟೆಲ್ ಉದ್ಯಮದಲ್ಲಿ ಅಥವಾ ಕೊಲ್ಲಿ ರಾಷ್ಟ್ರಗಳಲ್ಲಿದೆ. ಊರಿನಲ್ಲಿ ಕೊಂಡ ಫ್ಲ್ಯಾಟಿನಲ್ಲಿ ವೃದ್ಧ ತಂದೆತಾಯಿ ಇರುತ್ತಾರೆ, ಇಲ್ಲವೇ ವರ್ಷದ ಬಹುಪಾಲು ಬೀಗವಿರುತ್ತದೆ. ಬಾಗಿಲಿಗೆ ಬಂದವರನ್ನು ದೂರದಿಂದಲೇ ಮೊಬೈಲಿನಲ್ಲಿ ನೋಡುವ, ಮರೆತ ಗೀಸರನ್ನು ಆರಿಸುವ ಸೌಲಭ್ಯ ಇಂಥವರಿಗೆ ಬರಿಯ ಶೋಕಿಯಲ್ಲ. ಆದುದರಿಂದ ಸ್ಮಾರ್ಟ್ ಹೋಮ್ ಎಂಬ ಪದಕ್ಕೆ ಮಾರುಕಟ್ಟೆಯಲ್ಲಿ ಬೆಲೆ ಬಂದಿರುವುದು ಸಹಜ.

ಆದರೆ ಇದರ ಲೆಕ್ಕಾಚಾರವನ್ನು ನಿರ್ಮಾಪಕರೂ ಖರೀದಿದಾರರೂ ಸರಿಯಾಗಿ ನೋಡಬೇಕಾಗಿದೆ. 2019ರ ಏಪ್ರಿಲ್ 1ರಿಂದ ನಿರ್ಮಾಣ ಹಂತದ ಫ್ಲ್ಯಾಟಿಗೆ, ಕೈಗೆಟಕುವ ದರದ ವರ್ಗವನ್ನು ಹೊರತುಪಡಿಸಿ, ಶೇ. 5 ಜಿಎಸ್‌ಟಿ ಇದೆ. ನಿರ್ಮಾಪಕರಿಗೆ ಹೂಡುವಳಿ ತೆರಿಗೆ ಜಮೆ ಇಲ್ಲ. ರೂ. 1,00,000 ಮೌಲ್ಯದ ಉಪಕರಣಗಳಿಗೆ ಅವರು ಕೊಡುವ ಶೇ. 18ರ ತೆರಿಗೆ ಸೇರಿ ವೆಚ್ಚ ರೂ. 1,18,000 ಆಗುತ್ತದೆ. ಅದು ಫ್ಲ್ಯಾಟಿನ ಬೆಲೆಯಲ್ಲಿ ಸೇರಿದಾಗ ಅದರ ಮೇಲೆ ಮತ್ತೆ ರೂ. 5,900 ತೆರಿಗೆ. ಅದೇ ಉಪಕರಣವನ್ನು ಖರೀದಿದಾರರು ಸ್ಥಳೀಯ ವರ್ತಕರಿಂದ ನೇರವಾಗಿ ಕೊಂಡರೆ ಈ ಎರಡನೆಯ ತೆರಿಗೆ ಇಲ್ಲ. ಬಿಲ್ಲು, ವಾರಂಟಿಗಳೂ ಅವರ ಹೆಸರಿನಲ್ಲೇ ಇರುತ್ತವೆ.

ಹೊಣೆಗಾರಿಕೆಯ ಪ್ರಶ್ನೆ ಇನ್ನೂ ಮುಖ್ಯ. 2016ರ ರೇರಾ ಕಾಯಿದೆಯ 12ನೇ ಕಲಮಿನಂತೆ ಜಾಹೀರಾತಿನ ತಪ್ಪು ಮಾಹಿತಿಯನ್ನು ನಂಬಿ ಹಣ ಕೊಟ್ಟವರಿಗೆ ಪರಿಹಾರ ಸಲ್ಲಬೇಕು. 14ನೇ ಕಲಮಿನಂತೆ ಸ್ವಾಧೀನ ಕೊಟ್ಟ 5 ವರ್ಷಗಳೊಳಗೆ ತಿಳಿಸಲಾದ, ಕರಾರಿನ ವ್ಯಾಪ್ತಿಯ ದೋಷವನ್ನು 30 ದಿನಗಳಲ್ಲಿ ಉಚಿತವಾಗಿ ಸರಿಪಡಿಸಬೇಕು. ಉಪಕರಣದ ವಾರಂಟಿ ಒಂದೆರಡು ವರ್ಷಕ್ಕೇ ಮುಗಿದರೆ ಉಳಿದ ಅವಧಿಯ ವಿವಾದ ಬಿಲ್ಡರರ ಕೊರಳಿಗೆ. ನಿವೇಶನ 500 ಚದರ ಮೀಟರ್ ಅಥವಾ ಫ್ಲ್ಯಾಟುಗಳು 8 ಮೀರದ ಯೋಜನೆಗಳಿಗೆ ರೇರಾ ನೋಂದಣಿ ಕಡ್ಡಾಯವಲ್ಲವಾದ್ದರಿಂದ ಅಲ್ಲಿ ಕರಾರುಪತ್ರದ ಒಂದೊಂದು ಸಾಲೂ ಮುಖ್ಯವಾಗುತ್ತದೆ.

ಕರಾವಳಿಯ ಉಪ್ಪುಗಾಳಿ, ಮಳೆಗಾಲದ ತೇವ, ಸಿಡಿಲು, ವಿದ್ಯುತ್ ವ್ಯತ್ಯಯಗಳು ಎಲೆಕ್ಟ್ರಾನಿಕ್ ವಸ್ತುಗಳಿಗೆ ಕಠಿಣ ಪರೀಕ್ಷೆಯೇ ಸರಿ. ನಿರ್ಮಾಪಕರು ಉಪಕರಣಗಳನ್ನು ತುಂಬುವ ಬದಲು ಉತ್ತಮ ಅರ್ಥಿಂಗ್, ಸಿಡಿಲು ರಕ್ಷಣೆ, ಪ್ರತಿ ಸ್ವಿಚ್ ಪೆಟ್ಟಿಗೆಗೂ ನ್ಯೂಟ್ರಲ್ ತಂತಿ, ಖಾಲಿ ಪೈಪು ಮತ್ತು ಇನ್ವರ್ಟರ್ ಲೈನುಗಳನ್ನು ಒದಗಿಸುವುದು ಲೇಸು. ಉಪಕರಣ ಹತ್ತು ವರ್ಷಗಳಲ್ಲಿ ಹಳತಾಗಬಹುದು. ಗೋಡೆಯೊಳಗಿನ ತಂತಿಯನ್ನು ಬದಲಿಸುವುದು ಸುಲಭವಲ್ಲ. ಎಲೆಕ್ಟ್ರಾನಿಕ್ ಬೀಗಕ್ಕೆ ಸಾದಾ ಕೀಲಿಕೈಯೂ ಇರಲೇಬೇಕು.

ಸ್ಥಳೀಯ ವರ್ತಕರಿಗೂ ಇಲ್ಲಿ ಅವಕಾಶವಿದೆ. ಈ ತೆರಿಗೆ ಪದ್ಧತಿಯಲ್ಲಿ ನಿರ್ಮಾಪಕರು ಶೇ. 80ರಷ್ಟು ಖರೀದಿಯನ್ನು ನೋಂದಾಯಿತರಿಂದಲೇ ಮಾಡಬೇಕು. ಜಿಎಸ್‌ಟಿ ನೋಂದಣಿ, ತರಬೇತಿ ಪಡೆದ ಇಬ್ಬರು ಎಲೆಕ್ಟ್ರಿಷಿಯನ್‌ಗಳು ಹಾಗೂ ವಾರ್ಷಿಕ ನಿರ್ವಹಣಾ ಕರಾರು ಇರುವ ಅಂಗಡಿಯು ಅಂತರ್ಜಾಲದ ಅಗ್ಗದ ಮಾರಾಟವನ್ನು ಧೈರ್ಯವಾಗಿ ಎದುರಿಸಬಲ್ಲದು. ಜುಲೈ ತಿಂಗಳ ಸುರಿಮಳೆಯಲ್ಲಿ ಬಾಗಿಲು ತೆರೆಯದೆ ಹೊರಗೆ ನಿಂತ ವೃದ್ಧರಿಗೆ ಬೇಕಾದುದು ರಿಯಾಯಿತಿಯಲ್ಲ, ಕರೆದರೆ ಬರುವ ಮನುಷ್ಯ.