ತಂಬೂರಿಯೂ ಗಿಟಾರೂ



ರಘು ದೀಕ್ಷಿತರ ತಂಡವು 2008ರ ತನ್ನ ಮೊದಲ ಧ್ವನಿಮುದ್ರಿಕೆಯಲ್ಲಿ ಶಿಶುನಾಳ ಶರೀಫರ ತತ್ವಪದಗಳನ್ನು ಗಿಟಾರಿನೊಡನೆ ಹಾಡಿದಾಗ, ಇದು ಅಪಚಾರವೆಂದು ಮುನಿದವರಲ್ಲಿ ನಾನೂ ಒಬ್ಬ. ಇಂದು ಆ ಮಾತನ್ನು ಹಿಂದೆಗೆದುಕೊಳ್ಳುತ್ತೇನೆ.

1976ರಲ್ಲಿ ನ್ಯೂಯಾರ್ಕಿನ ರಮೋನ್ಸ್ ಎಂಬ ನಾಲ್ವರ ತಂಡ ಅರ್ಧ ಗಂಟೆಯೊಳಗೆ ಮುಗಿಯುವ 14 ಹಾಡುಗಳ ಧ್ವನಿತಟ್ಟೆಯನ್ನು ಹೊರತಂದಿತು. ಸರಳ ಮಟ್ಟು, ಒರಟು ದನಿ. ಆ ಬಗೆಗೆ ಪಂಕ್ ಎಂಬ ಹೆಸರು ನಿಂತಿತು. ವಿದ್ವತ್ತಿನ ಅಪ್ಪಣೆಗೆ ಕಾಯದೆ ಹಾಡುವುದೇ ಅದರ ಸಾರ.

ನಮ್ಮ ಕಿರುಗಾವಲಿನ ಸೀಮೆಗೆ ಇದು ಹೊಸತೇ? ಮಂಟೇಸ್ವಾಮಿಯ ನೀಲಗಾರರು ತಂಬೂರಿ, ಗಗ್ಗರಗಳೊಡನೆ ಇರುಳಿಡೀ ಹಾಡಿ, ಕಲ್ಯಾಣದ ಶರಣರನ್ನೂ ಒರೆಗೆ ಹಚ್ಚುವ ಕಾವ್ಯವನ್ನು ಉಳಿಸಿದರು. ಮಳವಳ್ಳಿ ಮಹದೇವಸ್ವಾಮಿಯವರ ಕ್ಯಾಸೆಟ್ಟುಗಳು ಆ ದನಿಯನ್ನು ಮನೆಮನೆಗೆ ಮುಟ್ಟಿಸಿದವು.

ಒಮ್ಮೆ ತರಗತಿಯಲ್ಲಿ ಬೆಂಚು ಬಡಿಯುತ್ತ ಮಾದಪ್ಪನ ಪದ ಹಾಡಿದ ಹುಡುಗನನ್ನು ನಾನು ಹೊರಗೆ ನಿಲ್ಲಿಸಿದ್ದೆ. ಅವನು ನನ್ನೆದುರು ಮತ್ತೆಂದೂ ಹಾಡಲಿಲ್ಲ. ಪದವನ್ನು ಗಿಟಾರು ಕೆಡಿಸದು; ಹಾಡುವವನ ಬಾಯಿ ಮುಚ್ಚಿಸುವುದು ಕೆಡಿಸುತ್ತದೆ. ನಿಮ್ಮ ಮಕ್ಕಳು ಗಿಟಾರು ಬೇಡಿದರೆ ಕೊಡಿಸಿರಿ. ಒಂದಿರುಳು ನೀಲಗಾರರ ಮುಂದೆಯೂ ಕೂರಿಸಿರಿ.