ಭಾರ ಬಿದ್ದರೆ ಗಾಡಿ ‘ಕೂತು’ ಓಡುತ್ತದೆಯೇ?

ನಮ್ಮ ಸೀಮೆಯಲ್ಲಿ ಕಾರು ಕೊಂಡವರ ಬಾಯಲ್ಲಿ ಒಂದು ಮಾತು ವೇದವಾಕ್ಯದಂತೆ ನೆಲೆಸಿದೆ: “ಖಾಲಿ ಗಾಡಿ ಜಿಗಿಯುತ್ತದೆ, ಭಾರ ಬಿದ್ದರೆ ಕೂತು ಓಡುತ್ತದೆ.” ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ – ಎಲ್ಲಿ ಕೇಳಿದರೂ ಇದೇ ಸಮಜಾಯಿಷಿ. ಇದನ್ನು ನಂಬಿಯೇ ಏಳು ಸೀಟಿನ ವಾಹನಕ್ಕೆ ಹತ್ತು ಮಂದಿ ಹತ್ತಿ, ಡಿಕ್ಕಿಗೆ ಅಕ್ಕಿಮೂಟೆ ತುರುಕಿ, ಮೇಲಿನ ಕ್ಯಾರಿಯರಿಗೆ ಪಾತ್ರೆಪಡಗಗಳನ್ನು ಬಿಗಿದು ಜಾತ್ರೆಗೂ ಮದುವೆಗೂ ಹೊರಡುತ್ತಾರೆ. ಈ ಮಾತು ಅರ್ಧಸತ್ಯ, ಆದ್ದರಿಂದಲೇ ಅಪಾಯಕಾರಿ.

ಭಾರ ಬಿದ್ದಾಗ ಕುಲುಕಾಟ ಕಡಿಮೆಯಾಗುವುದು ನಿಜ. ಆದರೆ ಕುಲುಕದಿರುವುದು ಬೇರೆ, ಹತೋಟಿಯಲ್ಲಿರುವುದು ಬೇರೆ. ಭಾರ ಇಮ್ಮಡಿಯಾದರೆ ತಿರುವಿನಲ್ಲಿ ಹೊರಕ್ಕೆ ಎಳೆಯುವ ಬಲವೂ ಇಮ್ಮಡಿಯಾಗುತ್ತದೆ. ಟಯರಿನ ಹಿಡಿತ ಮಾತ್ರ ಅಷ್ಟು ಹೆಚ್ಚುವುದಿಲ್ಲ. ಸಾಲ ಬೆಳೆದಷ್ಟು ಆದಾಯ ಬೆಳೆಯದ ಸಂಸಾರದಂತೆ!

ಇನ್ನು, ಭಾರ ಎಷ್ಟು ಎಂಬುದರಷ್ಟೇ ಅದು ಎಲ್ಲಿದೆ ಎಂಬುದೂ ಮುಖ್ಯ. ನನ್ನ ವಿದ್ಯಾರ್ಥಿಗಳೇ, ಸನ್ನೆಯ ಸೂತ್ರವನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವರು ನೀವು; ಡಿಕ್ಕಿ ತೆರೆದಾಗ ಅದು ಏಕೆ ನೆನಪಾಗುವುದಿಲ್ಲ? ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ 2.5 ಮೀಟರ್ ಅಂತರವಿದೆಯೆನ್ನಿ. ಹಿಂದಿನ ಅಚ್ಚಿಗಿಂತ ಅರ್ಧ ಮೀಟರ್ ಹಿಂದೆ 100 ಕಿಲೋ ಹೇರಿದರೆ ಹಿಂದಿನ ಗಾಲಿಗಳ ಮೇಲೆ ಬೀಳುವುದು 120 ಕಿಲೋ. ಹೆಚ್ಚಿನ 20 ಕಿಲೋ ಮುಂದಿನ ಗಾಲಿಗಳಿಂದ ಕಿತ್ತುಕೊಂಡದ್ದು. ಕಾರನ್ನು ತಿರುಗಿಸುವುದು ಆ ಮುಂದಿನ ಗಾಲಿಗಳೇ. ಬ್ರೇಕಿನ ಹೆಚ್ಚಿನ ಕೆಲಸ ನಡೆಯುವುದೂ ಅಲ್ಲಿಯೇ. ಮೂಗು ಮೇಲೆದ್ದ ಕಾರಿನ ಸ್ಟಿಯರಿಂಗ್ ಹಗುರಾಗುತ್ತದೆ, ದೀಪ ಎದುರಿನವರ ಕಣ್ಣು ಕುಕ್ಕುತ್ತದೆ, ತಿರುವಿನಲ್ಲಿ ಹಿಂಭಾಗ ಹೊರಕ್ಕೆ ಬೀಸುತ್ತದೆ.

2009ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ ನ್ಯಾನೊ ಕಾರಿನ ಎಂಜಿನ್ ಹಿಂದೆ ಇತ್ತು. ಅದಕ್ಕೆಂದೇ ಮುಂದೆ 135 ಮಿ.ಮೀ., ಹಿಂದೆ 155 ಮಿ.ಮೀ. ಅಗಲದ ಟಯರು ಹಾಕಿದ್ದರು. ಭಾರದ ಜಾಗ ಬದಲಾದರೆ ಟಯರೇ ಬದಲಾಗಬೇಕೆಂದು ಅವರು ಲೆಕ್ಕ ಹಾಕಿದರೆ, ನಾವು “ಇನ್ನೊಂದು ಮೂಟೆ ಹಿಡಿಸುತ್ತದೆ” ಎನ್ನುತ್ತೇವೆ.

ಮೇಲಿನ ಹೊರೆಯ ವಿಷಯ ಕೊಟ್ಟೂರಿನವರಿಗೆ ಹೇಳಬೇಕಾಗಿಲ್ಲ. 2017ರ ಫೆಬ್ರವರಿ 21ರಂದು ಕೊಟ್ಟೂರೇಶ್ವರನ ರಥೋತ್ಸವದಲ್ಲಿ ತೇರು ಉರುಳಿ ಹಲವರು ಗಾಯಗೊಂಡರು. ಅಚ್ಚು ಮುರಿಯಿತೆಂದು ಪತ್ರಿಕೆಗಳು ಬರೆದವು. ಇಂಥದ್ದನ್ನು ಅಪಶಕುನವೆಂದು ಕೈಮುಗಿದು ಸುಮ್ಮನಾಗುವವರಿದ್ದಾರೆ. ಎತ್ತರದಲ್ಲಿರುವ ಭಾರಕ್ಕೆ ಕೆಳಗಿನ ಆಸರೆ ಒಂದು ಕಡೆ ತಪ್ಪಿದರೆ ಅದು ನಿಲ್ಲುವುದಿಲ್ಲ ಎಂಬುದೇ ಅದರ ಪಾಠ. ತೇರು ಸಾಗುವುದಾದರೂ ನಡಿಗೆಯ ವೇಗದಲ್ಲಿ; ತಲೆಯ ಮೇಲೆ ಹೊರೆ ಹೊತ್ತ ನಿಮ್ಮ ಕಾರು ಕೂಡ್ಲಿಗಿಯ ಹೆದ್ದಾರಿಯಲ್ಲಿ 80ರ ವೇಗದಲ್ಲಿರುತ್ತದೆ.

ಮೈಲಾರ ಜಾತ್ರೆಗೆ ಬಂಡಿ ಹೂಡುವ ರೈತನಿಗೆ ಸೂತ್ರ ಗೊತ್ತಿರಲಿಕ್ಕಿಲ್ಲ, ವಿಷಯ ಗೊತ್ತು. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಮುಂಭಾರವಾದರೆ ಹೆಗಲು ಕುಸಿಯುತ್ತದೆ. ಆದ್ದರಿಂದ ಹೊರೆಯನ್ನು ಹಿಂದೆಮುಂದೆ ಸರಿಸಿ ಹದ ಮಾಡಿಕೊಂಡೇ ಹೊರಡುತ್ತಾನೆ. ಹದ ತಪ್ಪಿದರೆ ಎತ್ತು ನಿಂತುಬಿಡುತ್ತದೆ. ಕಾರು ಹಾಗಲ್ಲ, ತಿರುವು ಬರುವವರೆಗೂ ಮೌನವಾಗಿರುತ್ತದೆ.

ಅನಾಹುತವಾದ ಮೇಲೆ ರಸ್ತೆಯನ್ನು ಬೈಯುತ್ತೇವೆ, ಚಾಲಕನನ್ನು ಬೈಯುತ್ತೇವೆ, ಕೊನೆಗೆ ಹಣೆಬರಹವೆನ್ನುತ್ತೇವೆ. ಹೊರೆ ಹೇರಿಸಿದ ಹಿರಿಯರ ಹೆಸರನ್ನು ಯಾರೂ ಎತ್ತುವುದಿಲ್ಲ. ಬೇಡವೆಂದ ಚಾಲಕನನ್ನು “ನಿನಗೇನು ಗೊತ್ತು, ಹತ್ತಿಸು” ಎಂದು ಗದರಿಸಿದವರು ಅವರೇ ಅಲ್ಲವೇ?

ಆದ್ದರಿಂದ ಬಂಧುಗಳಲ್ಲಿ ನನ್ನ ಆಗ್ರಹವಿಷ್ಟು. ಭಾರದ ವಸ್ತುವನ್ನು ತಳದಲ್ಲಿ, ಹಿಂದಿನ ಸೀಟಿನ ಬೆನ್ನಿಗೆ ಒತ್ತಿ ಇಡಿ. ತಲೆಯ ಮೇಲೆ ಭಾರ ಬೇಡ. ತುಂಬಿದ ಗಾಡಿಗೆ ಟಯರಿನಲ್ಲಿ ಎಷ್ಟು ಗಾಳಿ ಬೇಕೆಂದು ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಓದಿ ಹಾಕಿಸಿ. ಸೀಟಿದ್ದಷ್ಟೇ ಜನ ಕೂರಲಿ, ಉಳಿದವರು ಬಸ್ಸಿಗೆ ಬರಲಿ. ಕಾರಿರುವ ಮನೆಯವರು ಬಸ್ಸಿನಿಂದ ಇಳಿದರೆ ಮರ್ಯಾದೆಯೇನೂ ಹೋಗುವುದಿಲ್ಲ.