ಯಾರ ತಪ್ಪು ತಪ್ಪು?

ಅಗರಖೇಡದ ರೈತನ ಮಗನೊಬ್ಬ ಭೀಮೆಯ ದಂಡೆಯ ಹೊಲದಲ್ಲಿ ದುಡಿಯುತ್ತಲೇ ಪದವಿ ಮುಗಿಸಿದ. ರೈತರ ಸಾಲದ ಲೆಕ್ಕ ಬರೆಯುವ ಗುಮಾಸ್ತಿಕೆಗೆ ಅರ್ಜಿ ಹಾಕಿ ಸಂದರ್ಶನಕ್ಕೆ ಹೋದ. ಕಾಲೇಜು ಮುಗಿಸಿದೆ ಎನ್ನಲು 'ಆಯ್ ಪಾಸ್ಡ್ ಔಟ್' ಎಂದ. ಕುರ್ಚಿಯ ಮೇಲಿನ ದೊಡ್ಡವರು ನಕ್ಕರು. 'ಎಲ್ಲಿ ಮೂರ್ಛೆ ಹೋಗಿದ್ದೆಯಪ್ಪಾ?' ಎಂದು ಕೇಳಿದರು. ಲೆಕ್ಕ ಬರುತ್ತದೆಯೇ ಎಂದು ಮಾತ್ರ ಯಾರೂ ಕೇಳಲಿಲ್ಲ. ಹುಡುಗ ತಲೆ ತಗ್ಗಿಸಿ ಊರಿಗೆ ಮರಳಿದ.

ನಕ್ಕವರನ್ನು ನಾವು ಕೇಳುತ್ತೇವೆ: ತರಬೇತಿ ಮುಗಿಸಿದ ಸಿಪಾಯಿಗಳ ಕವಾಯತಿಗೆ ಇಂಗ್ಲೆಂಡಿನಲ್ಲಿಯೂ 'ಪಾಸಿಂಗ್ ಔಟ್ ಪರೇಡ್' ಎನ್ನುತ್ತಾರೆ. ಅವರೆಲ್ಲ ಮೂರ್ಛೆ ಹೋದವರೇ? ನೀವು ಪತ್ರದ ಕೊನೆಗೆ ತಪ್ಪದೆ ಬರೆಯುವ 'ಡೂ ದಿ ನೀಡ್‌ಫುಲ್' ಎಂಬ ಮಾತನ್ನು ಇಂಗ್ಲೆಂಡಿನವರು ಬಹುಮಟ್ಟಿಗೆ ಕೈಬಿಟ್ಟಿದ್ದಾರೆ. ನಮ್ಮ ದೇಶದ ಬಳಕೆಯಲ್ಲಿ ಬೆಳೆದ 'ಪ್ರೀಪೋನ್' ಆಕ್ಸ್‌ಫರ್ಡ್ ನಿಘಂಟಿಗೆ ಸೇರಿದೆ. 'ನೈಸ್' ಎಂದರೆ ಒಂದು ಕಾಲಕ್ಕೆ ಮೂರ್ಖ ಎಂದರ್ಥವಿತ್ತು. ಇಂದು ಅದು ಹೊಗಳಿಕೆಯ ಮಾತು. ನಿನ್ನೆಯ ತಪ್ಪು ಇಂದಿನ ರೂಢಿಯಾಗುವದು ಎಲ್ಲ ಭಾಷೆಗಳ ದಾರಿ.

ಆದರೆ ಯಾರ ತಪ್ಪು ರೂಢಿಯಾಗುತ್ತದೆ? ನಮ್ಮ ಜನ ಸ್ಟೇಶನ್ನನ್ನು ಠೇಸನ್ ಎಂದರು, ಲ್ಯಾಂಟರ್ನನ್ನು ಲಾಟೀನು ಎಂದರು. ಅದು ಹಳ್ಳಿಗಮಾರರ ಮಾತಾಯಿತು. ಸಾಹೇಬರು ಹುಬ್ಬಳ್ಳಿಯನ್ನು ಹುಬ್ಲಿ ಎಂದರು, ಶಿವಮೊಗ್ಗವನ್ನು ಶಿಮೋಗಾ ಎಂದರು. ಅದು ಸರಕಾರದ ದಫ್ತರಕ್ಕೇರಿತು. ಇಂಗ್ಲೀಷಿನಲ್ಲಿ ಅದನ್ನು ತಿದ್ದಿ ಬರೆಯಲು 2014ರ ನವೆಂಬರ 1ರವರೆಗೆ ಕಾಯಬೇಕಾಯಿತು. ಆಳುವವನು ತಪ್ಪಿದರೆ ಕಾಯದೆ, ಬಡವನು ತಪ್ಪಿದರೆ ನಗೆಪಾಟಲು!

ಇಂಗ್ಲೀಷು ಕಲಿಯಬೇಡಿರೆಂದು ನಾವು ಹೇಳುವದಿಲ್ಲ. ಮಾಸ್ತರಿಕೆಯ ದಿನಗಳಲ್ಲಿ ನಾವೇ ಅದನ್ನು ಕಲಿಸಿದ್ದೇವೆ. ಕಾಗುಣಿತ ತಪ್ಪಿದ ಮಕ್ಕಳ ಮೇಲೆ ಬೆತ್ತವನ್ನೂ ಎತ್ತಿದ್ದೇವೆ. ಇಂದು ಅದಕ್ಕಾಗಿ ನಾಚುತ್ತೇವೆ. ಅರ್ಥ ಕೆಟ್ಟಲ್ಲಿ ತಿದ್ದಲೇಬೇಕು. ಆದರೆ ತಿದ್ದುವದು ಬೇರೆ, ತಪ್ಪಿನ ನೆವದಿಂದ ಬಾಗಿಲು ಹಾಕುವದು ಬೇರೆ.

ಕನ್ನಡವೇ ರಾಜ್ಯದ ಆಡಳಿತ ಭಾಷೆಯೆಂದು 1963ರಲ್ಲಿ ಕಾಯದೆಯಾಗಿದೆ. ಇಂಡಿ, ಸಿಂದಗಿಯ ರೈತ ಸಾಲ ಕೇಳುವದು ಕನ್ನಡದಲ್ಲಿ, ಕಂತು ಕಟ್ಟುವಾಗ ಆಡುವದು ಕನ್ನಡ. ಅವನ ಲೆಕ್ಕ ಬರೆಯುವ ಗುಮಾಸ್ತನನ್ನು ಇಂಗ್ಲೀಷಿನ ತಕ್ಕಡಿಯಲ್ಲಿ ತೂಗುವದೇಕೆ? ಆ ತಕ್ಕಡಿಯಲ್ಲಿ ಪಟ್ಟಣದ ಉಳ್ಳವರ ಮಕ್ಕಳೇ ಸದಾ ಭಾರವಾಗಿ ತೂಗುತ್ತಾರೆ ಎಂಬುದು ನಿಮಗೆ ಗೊತ್ತಿಲ್ಲವೇ?

ಇಂಥ ನೌಕರಿಗಳ ಸಂದರ್ಶನ ಕನ್ನಡದಲ್ಲಿಯೇ ನಡೆಯಲಿ. ಆ ಹುಡುಗನನ್ನು ಮತ್ತೆ ಕರೆಯಿರಿ. ಈ ಸಲ ಅವನಿಗೆ ಲೆಕ್ಕ ಕೇಳಿರಿ.